ಹಳೇ ಸಸ್ಪೆನ್ಸ್ ಸಿನಿಮಾ ಮೊದಲ ಸಲ ನೋಡೋರಿಗೆ: ಎಲ್ಲಿಂದ ಶುರು, ಯಾವ ಪ್ರತಿ, ಟಿವಿ ಹೇಗಿಡಬೇಕು?

ಕತ್ತಲೆಕೋಣೆ:
1930ರಿಂದ 60ರ ದಶಕದವರೆಗಿನ ಸಸ್ಪೆನ್ಸ್ ಸಿನಿಮಾಗಳಿಗೆ ಈಗಷ್ಟೇ ಕೈ ಹಾಕುತ್ತಿರುವವರಿಗೆ ಒಂದು ದಾರಿ ಬೇಕು. "ನೂರು ಶ್ರೇಷ್ಠ ಚಿತ್ರಗಳು" ಥರದ ಪಟ್ಟಿ ದಯವಿಟ್ಟು ಬೇಡ. ಅವುಗಳಲ್ಲಿ ಕ್ರಮಾಂಕ ಇರುತ್ತೆ, ಕ್ರಮ ಇರಲ್ಲ. ಮೊದಲು ಯಾವುದು, ಅದಾದ ಮೇಲೆ ಯಾವುದು, ಯಾಕೆ? ಒಂದೇ ಚಿತ್ರದ ಎರಡು ಮೂರು ಪ್ರತಿ ಇದ್ದರೆ ಯಾವುದನ್ನು ಆರಿಸಬೇಕು? ಕಪ್ಪುಬಿಳುಪು ಚಿತ್ರ ಈಗಿನ ಟಿವಿಯಲ್ಲಿ ಬೂದಿ ಬಳಿದ ಹಾಗೆ ಕಾಣುತ್ತಲ್ಲ, ಅದಕ್ಕೇನು ಮಾಡಬೇಕು? ಒಂದೇ ಷರತ್ತು: ಕೊನೆ ಯಾರೂ ಹೇಳೋ ಹಾಗಿಲ್ಲ.

ಮೂರನೇ_ಬೆಲ್:
ಮೊದಲನೆಯದು 'ರಿಯರ್ ವಿಂಡೋ', 1954, ಹಿಚ್‌ಕಾಕ್. ಬಣ್ಣದ ಚಿತ್ರ, 112 ನಿಮಿಷ, ಹಳೇ ಸಿನಿಮಾ ಅಂತ ಮೂಗು ಮುರಿಯುವವರೂ ಕೂತು ನೋಡುತ್ತಾರೆ. ಆದರೆ ನಾನು ಇದನ್ನು ಮೊದಲಿಗಿಡುವುದು ಆ ಕಾರಣಕ್ಕಲ್ಲ. ಸಸ್ಪೆನ್ಸ್ ಚಿತ್ರ ನೋಡುವುದು ಹೇಗೆ ಅನ್ನುವುದನ್ನು ಈ ಚಿತ್ರ ತಾನೇ ಕಲಿಸಿಕೊಡುತ್ತದೆ.

ಆರಂಭದ ದೃಶ್ಯವನ್ನು ಗಮನವಿಟ್ಟು ನೋಡಿ. ಕ್ಯಾಮೆರಾ ವಠಾರದ ಅಂಗಳವನ್ನೆಲ್ಲ ಒಂದು ಸುತ್ತು ಹಾಕಿ, ಬೆವರಿಳಿಸುತ್ತ ಮಲಗಿರುವ ಒಬ್ಬನ ಮುಖಕ್ಕೆ ಬರುತ್ತದೆ. 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಥರ್ಮಾಮೀಟರ್ ತೋರಿಸುತ್ತದೆ. ಮತ್ತೊಂದು ಸುತ್ತು. ಈ ಸಲ ಕಾಲಿಗೆ ಹಾಕಿದ ಪ್ಲಾಸ್ಟರು, ಅದರ ಮೇಲೆ ಬರೆದ ಅವನ ಹೆಸರು, ಚೂರಾದ ಕ್ಯಾಮೆರಾ, ರೇಸಿನ ಅಪಘಾತದಲ್ಲಿ ಚಕ್ರ ಹಾರಿಬರುತ್ತಿರುವ ಫೋಟೋ, ಚೌಕಟ್ಟಿನೊಳಗೆ ಒಬ್ಬ ಹೆಂಗಸಿನ ಮುಖದ ನೆಗೆಟಿವ್, ಪಕ್ಕದಲ್ಲಿ ಅದೇ ಮುಖ ಅಚ್ಚಾದ ಪತ್ರಿಕೆಗಳ ರಾಶಿ. ಇವನು ಯಾರು, ಕೆಲಸವೇನು, ಕಾಲು ಮುರಿದದ್ದು ಹೇಗೆ, ಎಲ್ಲ ತಿಳಿದಾಯಿತು. ನಾಯಕ ಇನ್ನೂ ಬಾಯಿ ಬಿಟ್ಟಿಲ್ಲ. ಆ ನಿಮಿಷಗಳಲ್ಲಿ ಮೊಬೈಲ್ ನೋಡಿದರೆ ಅರ್ಧ ಕಥೆ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ವಿಷಯ. ಇಡೀ ಚಿತ್ರ ಅವನ ಕಿಟಕಿಯಿಂದ ಅವನಿಗೆ ಕಂಡಷ್ಟನ್ನೇ ನಮಗೂ ತೋರಿಸುತ್ತೆ ಅಂತ ಎಲ್ಲರೂ ಬರೆಯುತ್ತಾರೆ. ಪೂರ್ತಿ ನಿಜ ಅಲ್ಲ. ಒಂದು ಬೆಳಗಿನ ಜಾವ ಅವನು ನಿದ್ದೆಯಲ್ಲಿದ್ದಾಗ ಎದುರು ಮನೆಯಲ್ಲಿ ಏನೋ ನಡೆಯುತ್ತದೆ, ಅದು ನಮಗೆ ಮಾತ್ರ ಕಾಣುತ್ತದೆ. ಅಲ್ಲಿಂದ ಮುಂದೆ ನಮಗೆ ಗೊತ್ತಿರುವುದೂ ಅವನಿಗೆ ಗೊತ್ತಿರುವುದೂ ಬೇರೆ ಬೇರೆ. ಯಾವ ಹಳೇ ಸಸ್ಪೆನ್ಸ್ ಚಿತ್ರ ನೋಡಿದರೂ ಈ ಕ್ಷಣ ಯಾರಿಗೆ ಏನು ಗೊತ್ತು ಅಂತ ಮನಸ್ಸಿನಲ್ಲೇ ಲೆಕ್ಕ ಇಡುತ್ತಾ ಹೋಗಿ. ಕೊಲೆಗಾರ ಯಾರು ಅನ್ನುವ ಪ್ರಶ್ನೆ ಎಷ್ಟೋ ಚಿತ್ರಗಳಲ್ಲಿ ಇರುವುದೇ ಇಲ್ಲ.

ಗಾಂಧಿಬಜಾರ್_ಗಿರಾಕಿ:
ಗುರುಗಳೇ, ಲೆಕ್ಕ ಸರಿ, ಕ್ರಮ ತಪ್ಪು. ಮೊದಲು 'ಸೈಕೋ' (1960) ನೋಡಿಸಿಬಿಡಿ. ರಿಯರ್ ವಿಂಡೋ ಎಲ್ಲಿಗೂ ಓಡಿಹೋಗಲ್ಲ, ಮುಗಿಯೋದು ಹೇಗೆ ಅಂತ ಗೊತ್ತಿದ್ದರೂ ಓಡುತ್ತೆ. ಆದರೆ ಸೈಕೋ ಗುಟ್ಟು ಮೀಮುಗಳಲ್ಲಿ, ರಸಪ್ರಶ್ನೆಗಳಲ್ಲಿ, ಯೂಟ್ಯೂಬಿನ ಪುಟ್ಟ ಚಿತ್ರಗಳಲ್ಲಿ ದಿನಾ ಬಯಲಾಗ್ತಿದೆ. ಇನ್ನೂ ಕಿವಿಗೆ ಬೀಳದವರು ಇದ್ದರೆ ಇವತ್ತು ರಾತ್ರಿಯೇ ನೋಡಿ ಮುಗಿಸಲಿ. ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಚಿತ್ರಮಂದಿರಗಳಿಗೆ ಹಿಚ್‌ಕಾಕ್ ಕಟ್ಟಪ್ಪಣೆ ಮಾಡಿದ್ದರು. ಯಾಕೆ ಅನ್ನೋದು ನೋಡಿದ ಮೇಲೆ ಗೊತ್ತಾಗುತ್ತೆ.

ಅದರ ಟ್ರೇಲರ್ ಮಾತ್ರ ಮೊದಲೇ ಮುಟ್ಟಬೇಡಿ. ಆರು ನಿಮಿಷ ಮೀರಿದ ಟ್ರೇಲರ್ ಅದು. ಹಿಚ್‌ಕಾಕ್ ಸ್ವತಃ ಮನೆ ತೋರಿಸೋ ಬ್ರೋಕರ್ ಥರ ಒಂದೊಂದೇ ಕೋಣೆ ಸುತ್ತಿಸ್ತಾರೆ. ನೋಡಿದ ಮೇಲೆ ಅದೊಂದು ಹಬ್ಬ.

ಮೂರನೇ_ಬೆಲ್:
ಒಪ್ಪಿದೆ. ಗುಟ್ಟು ಗೊತ್ತಿಲ್ಲದವರಿಗೆ ಸೈಕೋ ಮೊದಲು, ಗೊತ್ತಾಗಿಹೋದವರಿಗೆ ರಿಯರ್ ವಿಂಡೋ ಮೊದಲು.

ಗೊತ್ತಾಗಿಹೋಗಿದ್ದರೂ ಸೈಕೋ ಬಿಡಬೇಡಿ. ಸುಮಾರು 8 ಲಕ್ಷ ಡಾಲರಿನಲ್ಲಿ, ತಮ್ಮ ಟಿವಿ ಧಾರಾವಾಹಿಯ ತಂತ್ರಜ್ಞರನ್ನೇ ಹಾಕಿಕೊಂಡು ಮಾಡಿದ ಚಿತ್ರ. ಬರ್ನಾರ್ಡ್ ಹರ್ಮನ್ ಅವರ ಸಂಗೀತದಲ್ಲಿ ತಂತಿವಾದ್ಯ ಬಿಟ್ಟು ಬೇರೇನೂ ಇಲ್ಲ. ಸ್ನಾನದ ಮನೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದರು, ಹರ್ಮನ್ ಬರೆದದ್ದನ್ನು ಕೇಳಿದ ಮೇಲೆ ಮನಸ್ಸು ಬದಲಾಯಿಸಿದರು. ಒಂದು ನಿಮಿಷವೂ ಇಲ್ಲದ ಆ ದೃಶ್ಯಕ್ಕೆ ಏಳು ದಿನದ ಚಿತ್ರೀಕರಣ, ರಕ್ತಕ್ಕೆ ಚಾಕೊಲೇಟ್ ಸಿರಪ್. ಕಪ್ಪುಬಿಳುಪಿನಲ್ಲಿ ಕೆಂಪಿಗಿಂತ ಅದೇ ರಕ್ತದ ಹಾಗೆ ಕಾಣುತ್ತದೆ.

ಕಡಲತೀರ_ಕುಡ್ಲ:
ಹಿಚ್‌ಕಾಕ್ ಒಬ್ಬರೇ ಅಲ್ಲ ಮಾರಾಯ್ರೆ! ಜರ್ಮನಿಯಲ್ಲಿ ಫ್ರಿಟ್ಜ್ ಲಾಂಗ್ 1931ರಲ್ಲೇ 'ಎಂ' ಮಾಡಿ ಇಟ್ಟಿದ್ದಾರೆ. ಅವರ ಮೊದಲ ಮಾತಿನ ಚಿತ್ರ ಅದು, ಹಿನ್ನೆಲೆ ಸಂಗೀತವೇ ಇಲ್ಲ. ಕೊಲೆಗಾರ ಶಿಳ್ಳೆಯಲ್ಲಿ ಒಂದೇ ಧಾಟಿ ಹಾಕುವುದುಂಟು, ಗ್ರೀಗ್‌ನ 'ಪೇರ್ ಗಿಂಟ್' ಸಂಗೀತದ್ದು. ಆ ಪಾತ್ರ ಮಾಡಿದ ಪೀಟರ್ ಲೊರೆಗೆ ಶಿಳ್ಳೆ ಹಾಕಲಿಕ್ಕೆ ಬರ್ತಿರಲಿಲ್ಲ, ಹಾಕಿದ್ದು ಲಾಂಗ್ ಅವರೇ.

ಮೊದಲ ಹತ್ತು ನಿಮಿಷ ನೋಡಿ ಸಾಕು. ತಾಯಿ ಮಗಳ ಊಟಕ್ಕೆ ತಟ್ಟೆ ಇಡ್ತಾಳೆ, ಗಡಿಯಾರ ನೋಡ್ತಾಳೆ, ಹೆಸರು ಹಿಡಿದು ಕರೀತಾಳೆ. ಆ ಕೂಗಿನ ಮೇಲೆ ಒಂದೊಂದೇ ಚಿತ್ರ: ಖಾಲಿ ಮೆಟ್ಟಿಲು, ಬಟ್ಟೆ ಒಣಗಿಸುವ ಅಟ್ಟ, ಮುಟ್ಟದ ತಟ್ಟೆ, ಹುಲ್ಲಿನಲ್ಲಿ ಉರುಳಿ ನಿಲ್ಲುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು. ಹಿಂಸೆ ಒಂದು ಫ್ರೇಮೂ ಇಲ್ಲ. ಚಿಕ್ಕ ಮಕ್ಕಳಿರುವವರಿಗೆ ನೋಡಲಿಕ್ಕೆ ಕಷ್ಟ, ಮೊದಲೇ ಹೇಳಿದ್ದೇನೆ.

ಮತ್ತೆ ಫ್ರೆಂಚರ ಕ್ಲೂಜೊ. 'ದಿ ವೇಜಸ್ ಆಫ್ ಫಿಯರ್', 1953. ಎಣ್ಣೆಬಾವಿಗೆ ಬಿದ್ದ ಬೆಂಕಿ ಆರಿಸಲಿಕ್ಕೆ ನೈಟ್ರೋಗ್ಲಿಸರಿನ್ ಬೇಕು. ಎರಡು ಲಾರಿ, ನಾಲ್ಕು ಜನ, ಹದಗೆಟ್ಟ ರಸ್ತೆ, ಜೋರಾಗಿ ಕುಲುಕಿದರೆ ಮುಗಿಯಿತು. ಹಿಮ್ಮುರಿ ತಿರುವಿನಲ್ಲಿ ಲಾರಿ ತಿರುಗಿಸಲಿಕ್ಕೆ ಕಂದಕದ ಮೇಲೆ ಚಾಚಿದ ಲಡ್ಡುಹಿಡಿದ ಮರದ ಅಟ್ಟಣೆಗೆ ರಿವರ್ಸ್ ಹೋಗಬೇಕು. ಶಿರಾಡಿ ಘಾಟಿಯಲ್ಲಿ ಮಳೆಗಾಲ ಲಾರಿ ಹೊಡೆದವರಿಗೆ ಬೇರೆ ವಿವರಣೆ ಬೇಡ.

ಗಾಂಧಿಬಜಾರ್_ಗಿರಾಕಿ:
ಕುಡ್ಲದವರೇ, ಒಂದು ಎಚ್ಚರಿಕೆ ಸೇರಿಸಿ. ವೇಜಸ್‌ನಲ್ಲಿ ಲಾರಿ ಹೊರಡೋದಕ್ಕೇ ಸುಮಾರು ಒಂದು ಗಂಟೆ ಹಿಡಿಯುತ್ತೆ. ಅಲ್ಲಿವರೆಗೂ ಬಿಸಿಲು, ಕೆಸರು, ಕೆಲಸವಿಲ್ಲದ ಜನ. ಹೊಸಬರು ಬಹಳ ಮಂದಿ ಅಲ್ಲೇ ಬಿಟ್ಟು ಎದ್ದುಬಿಡ್ತಾರೆ.

ಕಡಲತೀರ_ಕುಡ್ಲ:
ಹೌದು, ಅದು ಬೇಕಂತಲೇ ಮಾಡಿದ್ದು. ಆ ಊರಿಂದ ಹೊರಗೆ ಹೋಗಲಿಕ್ಕೆ ಬೇರೆ ದಾರಿಯೇ ಇಲ್ಲ ಅಂತ ಒಂದು ಗಂಟೆ ತೋರಿಸದಿದ್ದರೆ, ಬುದ್ಧಿ ಇರುವವ ಆ ಲಾರಿ ಹತ್ತುವುದು ಯಾಕೆ ಅಂತ ಪ್ರಶ್ನೆ ಬರ್ತದೆ. ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಅಲ್ಲಿಗೇ ಕತ್ತರಿ ಹಾಕಿದ್ದರು. ಎರಡೂವರೆ ಗಂಟೆಯ ಆಸುಪಾಸಿನ ಪ್ರತಿ ಹುಡುಕಿ. ಎರಡು ಗಂಟೆಯ ಒಳಗಿನದ್ದು ಸಿಕ್ಕಿದರೆ ಅದು ತುಂಡು ಮಾಡಿದ್ದು.

ಹುಬ್ಬಳ್ಳಿ_ಪ್ರೊಜೆಕ್ಟರ್:
ಪ್ರತಿ, ಟಿವಿ ಎರಡರ ಬಗ್ಗೆನೂ ಹೇಳತೇನ್ರಿ, ಯಾಕಂದ್ರ ಅರ್ಧ ಮಂದಿಗೆ ಹಳೇ ಸಿನಿಮಾ ಸೇರದಿರೋದು ಸಿನಿಮಾದ ತಪ್ಪಲ್ಲ, ಟಿವಿ ಸೆಟ್ಟಿಂಗಿನ ತಪ್ಪು.

ಮೊದಲನೇದು, ಮೋಷನ್ ಸ್ಮೂದಿಂಗ್ ಬಂದ್ ಮಾಡ್ರಿ. ಎಲ್‌ಜಿಯೊಳಗ ಟ್ರೂಮೋಷನ್, ಸೋನಿಯೊಳಗ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಾಗ ಆಟೋ ಮೋಷನ್ ಪ್ಲಸ್ ಅಂತ ಹೆಸರು, ಮಾದರಿ ಬದಲಾದಂಗ ಹೆಸರೂ ಬದಲಾಗತಾವ. ಸಿನಿಮಾ ತೆಗೆದಿದ್ದು ಸೆಕೆಂಡಿಗೆ 24 ಫ್ರೇಮಿನಾಗ. ಟಿವಿ ನಡುವ ತನ್ನ ಫ್ರೇಮು ತುರುಕಿದ್ರ ಧಾರಾವಾಹಿ ಕಂಡಂಗ ಕಾಣತೈತಿ. ಫಿಲ್ಮ್‌ಮೇಕರ್ ಮೋಡ್ ಇದ್ರ ಅದನ್ನ ಒತ್ತಿಬಿಡ್ರಿ, ಈ ಕಾಟ ತಪ್ಪತೈತಿ.

ಎರಡನೇದು, ಚಿತ್ರದ ಅಳತಿ. 1950ರ ಮೊದಲಿನ ಹಾಲಿವುಡ್ ಚಿತ್ರ ಹೆಚ್ಚುಕಮ್ಮಿ ಎಲ್ಲಾ 1.37ಕ್ಕ 1. ಈಗಿನ ಟಿವಿ 1.78ಕ್ಕ 1. ಅಂದ್ರ ಎರಡೂ ಬದಿಗೆ ಕಪ್ಪು ಪಟ್ಟಿ ಇರಬೇಕು, ಇದ್ರನ ಸರಿ. 43 ಇಂಚಿನ ಟಿವಿ ಅಗಲ 95 ಸೆಂಟಿಮೀಟರ್, ಅದರಾಗ ಚಿತ್ರ 73 ಸೆಂಟಿಮೀಟರ್ ಅಷ್ಟ ಇರತೈತಿ. ದುಡ್ಡು ಕೊಟ್ಟ ಪರದೆ ಪೂರ್ತಿ ತುಂಬಲಿ ಅಂತ ಝೂಮ್ ಮಾಡಿದ್ರ ಮೇಲೆ ಕೆಳಗ ಸೇರಿ ಎತ್ತರದ ಕಾಲುಭಾಗದ ಹತ್ತಿರ ಹೋತು. ಒಬ್ಬರ ಕೈಯಾಗಿನ ಕೀಲಿ ಫ್ರೇಮಿನ ತಳಕ್ಕ ಇತ್ತಂದ್ರ ದೃಶ್ಯನ ಹೋತು. ಸ್ಟ್ರೆಚ್ ಮಾಡಿದ್ರಂತೂ ಇಂಗ್ರಿಡ್ ಬರ್ಗ್‌ಮನ್ ರೊಟ್ಟಿ ತಟ್ಟಿದಂಗ ಕಾಣತಾಳ.

ಮೂರನೇದು, ಬೂದಿ ಬಣ್ಣದ ಕಥಿ. ಡೈನಾಮಿಕ್ ಕಾಂಟ್ರಾಸ್ಟ್ ತೆಗೀರಿ, ಇಲ್ಲಾಂದ್ರ ಯಾರರೆ ದೀಪ ಹಚ್ಚಿದಾಗೆಲ್ಲಾ ಇಡೀ ಪರದೆ ಬೆಳಕು ಏರಿಳಿತೈತಿ. ಬ್ಯಾಕ್‌ಲೈಟ್ ಇಳಸ್ರಿ, ಕೋಣೆ ಕತ್ತಲ ಮಾಡ್ರಿ. ಕಲರ್ ಟೆಂಪರೇಚರ್ ವಾರ್ಮ್ ಇಡ್ರಿ. ಆಮೇಲೂ ನೀಲಿ, ಹಸಿರು ಛಾಯೆ ಉಳದ್ರ ಕಲರ್ ಅನ್ನೋದನ್ನ ಸೊನ್ನೆಗೆ ತರ್ರಿ. ಕಪ್ಪುಬಿಳುಪಿಗೆ ಅದರಿಂದ ಏನೂ ನಷ್ಟ ಇಲ್ಲ. ಬಣ್ಣ ಬಳದ ಕಪ್ಪುಬಿಳುಪು ಪ್ರತಿ ಸಿಕ್ಕರೂ ಇದ ಉಪಾಯ.

ಕತ್ತಲೆಕೋಣೆ:
ಕೀಲಿ ಅಂದ್ರಲ್ಲ, ಅದು ಯಾವ ಚಿತ್ರ?

ಮೂರನೇ_ಬೆಲ್:
'ನಟೋರಿಯಸ್', 1946. ನನ್ನ ಕ್ರಮದಲ್ಲಿ ಅದೇ ಎರಡನೆಯದು. ಔತಣದ ದೃಶ್ಯ ಬಂದಾಗ ಒಂದು ಸಲ ಸುಮ್ಮನೆ ನೋಡಿ, ಆಮೇಲೆ ಹಿಂದಕ್ಕೆ ಓಡಿಸಿ ಬಿಡಿಬಿಡಿಯಾಗಿ ನೋಡಿ. ಕ್ಯಾಮೆರಾ ಎತ್ತರದ ಮಾಳಿಗೆಯಿಂದ ಇಡೀ ಹಜಾರ ತೋರಿಸುತ್ತ ಶುರುವಾಗಿ, ಕತ್ತರಿಸದೆ ಕೆಳಗಿಳಿದು ನಾಯಕಿಯ ಮುಷ್ಟಿಯಲ್ಲಿರುವ ಕೀಲಿಯವರೆಗೆ ಬರುತ್ತದೆ. ಇಷ್ಟು ದೊಡ್ಡ ಔತಣದಲ್ಲಿ ಮುಖ್ಯವಾದದ್ದು ಇಷ್ಟೇ ಅಂತ ಹೇಳಿದಂತೆ. ಆ ಕೀಲಿ ಮನೆಯ ವೈನ್ ನೆಲಮಾಳಿಗೆಯದು, ಗಂಡನ ಗೊಂಚಲಿನಿಂದ ಕದ್ದದ್ದು.

ಇನ್ನು ಗಡಿಯಾರ. ಹಿಚ್‌ಕಾಕ್ ಇಲ್ಲಿ ಗೋಡೆ ಗಡಿಯಾರ ಬಳಸುವುದಿಲ್ಲ, ಶಾಂಪೇನ್ ಬಾಟಲಿ ಬಳಸುತ್ತಾರೆ. ಬಾಟಲಿ ಮುಗಿದರೆ ಗಂಡ ಹೊಸದನ್ನು ತರಲು ನೆಲಮಾಳಿಗೆಗೆ ಇಳಿಯಬೇಕು, ಇಳಿದರೆ ಅಲ್ಲಿ ಹುಡುಕುತ್ತಿರುವ ನಾಯಕ, ನಾಯಕಿ ಸಿಕ್ಕಿಬೀಳುತ್ತಾರೆ. ಆಗಾಗ ಮಂಜುಗಡ್ಡೆಯಲ್ಲಿಟ್ಟ ಬಾಟಲಿಗಳು, ಪ್ರತಿ ಸಲ ಇನ್ನಷ್ಟು ಕಡಿಮೆ. ಅತಿಥಿ ಒಬ್ಬರು ಲೋಟ ಎತ್ತಿದರೂ ನಮಗೆ ಹೊಟ್ಟೆಯಲ್ಲಿ ಕಲಸುತ್ತದೆ. ಪಾಪ, ಆ ಅತಿಥಿಗೆ ಏನೂ ಗೊತ್ತಿಲ್ಲ.

ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆ 1962ರಲ್ಲಿ ನಡೆದ ಮಾತುಕತೆಯಲ್ಲಿ ಹಿಚ್‌ಕಾಕ್ ಕೊಟ್ಟ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಇದೇ. ಯಾರಿಗೂ ಹೇಳದೆ ಬಾಂಬು ಸಿಡಿಸಿದರೆ 15 ಸೆಕೆಂಡು ಬೆಚ್ಚಿಬೀಳುತ್ತೇವೆ. ಬಾಂಬು ಇದೆ ಅಂತ ನಮಗೆ ಮೊದಲೇ ತೋರಿಸಿ, ಮೇಜಿನ ಸುತ್ತ ಕೂತವರು ಹಾಳುಹರಟೆ ಹೊಡೆಯುತ್ತಿದ್ದರೆ 15 ನಿಮಿಷ ಒದ್ದಾಡುತ್ತೇವೆ. ಆದರೆ ಅವರೇ 1936ರ 'ಸಬೋಟಾಜ್'ನಲ್ಲಿ ಈ ಲೆಕ್ಕ ತಪ್ಪಿದರು. ಒಬ್ಬ ಹುಡುಗ ಗೊತ್ತಿಲ್ಲದೆ ಬಾಂಬು ಹೊತ್ತು ಬಸ್ಸಿನಲ್ಲಿ ಹೋಗುತ್ತಾನೆ. ಆ ದೃಶ್ಯವನ್ನು ಮುಗಿಸಿದ ರೀತಿ ತಮ್ಮದೇ ತಪ್ಪು ಅಂತ ಅವರು ತ್ರುಫೋ ಹತ್ತಿರ ಒಪ್ಪಿಕೊಂಡರು. ಹುಡುಗನ ಕೈಯಲ್ಲಿ ಫಿಲ್ಮ್ ಡಬ್ಬಿ ಇದೆ ಅಂತ ಕಂಡಕ್ಟರ್ ಮೊದಲು ತಕರಾರು ತೆಗೆಯುವುದನ್ನೂ ಗಮನಿಸಿ. ಆಗಿನ ನೈಟ್ರೇಟ್ ಫಿಲ್ಮಿಗೆ ಬಲುಬೇಗ ಬೆಂಕಿ ಹತ್ತುತ್ತಿತ್ತು.

ಹುಬ್ಬಳ್ಳಿ_ಪ್ರೊಜೆಕ್ಟರ್:
ಫಿಲ್ಮಿನ ಮಾತು ಬಂತಂದ್ರ 'ರೋಪ್' (1948) ಹೇಳದ ಬಿಡಂಗಿಲ್ಲ. 80 ನಿಮಿಷದ ಚಿತ್ರ, ಒಂದ ಮನಿ, ಒಂದ ಸಂಜಿ. "ಕಟ್ ಇಲ್ಲದ ಸಿನಿಮಾ" ಅಂತಾರ, ಅದು ಸುಳ್ಳು. ಕ್ಯಾಮೆರಾಕ್ಕ 1000 ಅಡಿ ಫಿಲ್ಮ್ ಹಿಡಿತಿತ್ತು, ನಿಮಿಷಕ್ಕ 90 ಅಡಿ ಓಡತೈತಿ, ಅಂದ್ರ 11 ನಿಮಿಷ. ಅಷ್ಟರಾಗ ನಿಲ್ಲಸಾಕಬೇಕು. ಒಂದೊಂದು ಸಲ ಯಾರದರ ಕರಿ ಕೋಟಿನ ಬೆನ್ನಿಗೆ ಕ್ಯಾಮೆರಾ ಹೋಗಿ ತಾಗತೈತಿ, ಪರದೆ ಕಪ್ಪಾದಾಗ ಜೋಡಿಸ್ಯಾರ. ಉಳಿದ ಕಡೆ ರಾಜಾರೋಷ ಕಟ್ ಐತಿ. ಯಾಕಂದ್ರ ಥೇಟರಿನ ಪ್ರೊಜೆಕ್ಟರ್ ರೀಲು 2000 ಅಡಿದು, 20 ನಿಮಿಷಕ್ಕೊಮ್ಮೆ ಈ ಮಷಿನ್‌ನಿಂದ ಆ ಮಷಿನ್‌ಗೆ ಹೊಳ್ಳಿಸಬೇಕು. ಅಲ್ಲಿ ಮುಚ್ಚಿದ ಕಟ್ ಇಟ್ರ ಆಪರೇಟರ್ ಒಂದು ಸೆಕೆಂಡ್ ತಪ್ಪಿದ್ರೂ ಬಣ್ಣ ಬಯಲಾಗತೈತಿ.

ರಿಪೇರಿ ಮಾಡದ ಹಳೇ ಪ್ರತಿಯೊಳಗ ಬಲಕ್ಕ ಮೇಲಿನ ಮೂಲ್ಯಾಗ ದುಂಡಂದು ಚುಕ್ಕಿ ಮಿಂಚಿ ಹೋಗತೈತಿ ನೋಡ್ರಿ. ಮೊದಲನೇ ಚುಕ್ಕಿಗೆ ಮತ್ತೊಂದು ಮಷಿನ್ ಚಾಲೂ ಮಾಡಬೇಕು, ಏಳೆಂಟು ಸೆಕೆಂಡಿಗೆ ಎರಡನೇದು ಬಂದಾಗ ಹೊಳ್ಳಿಸಬೇಕು. ಅದು ಡಿಸ್ಕಿನ ದೋಷ ಅಲ್ಲ.

ಉಪಶೀರ್ಷಿಕೆ:
ಸಬ್‌ಟೈಟಲ್ ಬಗ್ಗೆ ಯಾರೂ ಮಾತಾಡಿಲ್ಲ, ಎಲ್ಲಕ್ಕಿಂತ ಹೆಚ್ಚು ಗುಟ್ಟು ಬಯಲು ಮಾಡೋದು ಅದೇ.

ಕಿವಿ ಕೇಳದವರಿಗಾಗಿ ಮಾಡಿದ ಸಬ್‌ಟೈಟಲ್ ಹಾಕಿಕೊಂಡರೆ "ಹೆಜ್ಜೆ ಸಪ್ಪಳ ಹತ್ತಿರವಾಗುತ್ತದೆ", "ಬಾಗಿಲು ಕಿರುಗುಟ್ಟುತ್ತದೆ" ಅಂತ ಸದ್ದಿಗಿಂತ ಮುಂಚೆಯೇ ಅಕ್ಷರ ಬಂದುಬಿಡುತ್ತೆ. ತೆರೆಯ ಮೇಲೆ ಇನ್ನೂ ಬಾರದವನ ಹೆಸರೂ ಬರುತ್ತೆ. ಅಗತ್ಯ ಇಲ್ಲದವರು ಮಾತಿನದ್ದಷ್ಟೇ ಇರುವುದನ್ನು ಆರಿಸಿ.

ಹೊಂದದ ಸಬ್‌ಟೈಟಲ್ ಎರಡು ಥರ. ಶುರುವಿನಿಂದ ಕೊನೆವರೆಗೂ ಒಂದೇ ಅಂತರದಲ್ಲಿ ಹಿಂದೆ ಅಥವಾ ಮುಂದೆ ಇದ್ದರೆ ಸುಲಭ: ವಿಎಲ್‌ಸಿಯಲ್ಲಿ ಜಿ, ಎಚ್ ಕೀಲಿಗಳು 50 ಮಿಲಿಸೆಕೆಂಡಿನಂತೆ ಆಚೀಚೆ ಸರಿಸುತ್ತವೆ. ಶುರುವಿನಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ದೂರವಾದರೆ ಅದು ಫ್ರೇಮ್ ದರದ ಜಗಳ, ಎಷ್ಟು ಸರಿಸಿದರೂ ನಿಲ್ಲಲ್ಲ. ಯುರೋಪಿನ ಹಳೇ ಡಿವಿಡಿಗಳಲ್ಲಿ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸ್ತಾರೆ. ಗಂಟೆಗೆ ಸುಮಾರು ಎರಡೂವರೆ ನಿಮಿಷ ವ್ಯತ್ಯಾಸ. 120 ನಿಮಿಷದ ಚಿತ್ರ 115ಕ್ಕೇ ಮುಗಿಯುತ್ತೆ, ದನಿಯೂ ಸ್ವಲ್ಪ ಕೀರಲು. ಹಾಗಾಗಿ ನಾಲ್ಕೈದು ನಿಮಿಷ ಕಮ್ಮಿ ಇದ್ದ ತಕ್ಷಣ ಕತ್ತರಿ ಹಾಕಿದ್ದಾರೆ ಅಂತ ಕೂಗಾಡಬೇಡಿ, ಮೊದಲು ಶೇಕಡಾ 4 ಲೆಕ್ಕ ಹಾಕಿ.

ಇಂಗ್ಲಿಷ್ ಡಬ್ಬಿಂಗ್ ಬೇಡವೇ ಬೇಡ. ವೇಜಸ್‌ನಲ್ಲಿ ಫ್ರೆಂಚ್, ಇಂಗ್ಲಿಷ್, ಸ್ಪ್ಯಾನಿಷ್, ಇಟಾಲಿಯನ್, ಜರ್ಮನ್ ಎಲ್ಲ ಕಲಸಿ ಮಾತಾಡ್ತಾರೆ, ಯಾರು ಯಾರಿಗೆ ಹೊರಗಿನವರು ಅನ್ನೋದು ಅದರಲ್ಲೇ ಇದೆ. ಸೌಂಡ್‌ಬಾರಿನ ನೈಟ್ ಮೋಡ್, ಸರೌಂಡ್ ಎರಡೂ ತೆಗೀರಿ. ಇವೆಲ್ಲ ಮೋನೋ, ಅಂದರೆ ಒಂದೇ ಜಾಡಿನ ಸದ್ದಿನ ಚಿತ್ರಗಳು. ನೈಟ್ ಮೋಡ್ ಪಿಸುಮಾತನ್ನೂ ಕಿರುಚಾಟವನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತೆ.

ಗಾಂಧಿಬಜಾರ್_ಗಿರಾಕಿ:
ನಿಧಾನ ಅನ್ನೋ ದೂರಿಗೆ ಮದ್ದು 'ರಿಫಿಫಿ', 1955, ಜೂಲ್ಸ್ ಡಾಸಿನ್. ಒಡವೆ ಅಂಗಡಿ ಕಳ್ಳತನದ ಸುಮಾರು ಅರ್ಧ ಗಂಟೆ ಒಂದು ಮಾತಿಲ್ಲ, ಸಂಗೀತ ಇಲ್ಲ. ಮೇಲಿನ ಮನೆಯ ನೆಲ ಕೊರೀತಾರೆ. ಮೊದಲು ಸಣ್ಣ ತೂತು, ಅದರೊಳಗೆ ಮಡಚಿದ ಛತ್ರಿ ಇಳಿಸಿ ಕೆಳಗೆ ಬಿಡಿಸ್ತಾರೆ, ಗಾರೆ ಚೂರು ಅಂಗಡಿ ನೆಲಕ್ಕೆ ಬಿದ್ದು ಸದ್ದಾಗಬಾರದು ಅಂತ. ಆಮೇಲೆ ತೂತು ದೊಡ್ಡದು ಮಾಡ್ತಾರೆ. ಅಲಾರ್ಮ್ ಪೆಟ್ಟಿಗೆಗೆ ಬೆಂಕಿ ಆರಿಸೋ ಸಿಲಿಂಡರಿನ ನೊರೆ ತುಂಬ್ತಾರೆ. ಅದು ನೋಡುವಾಗ ನಿಧಾನ ಅನ್ನಿಸಿದರೆ ನನ್ನ ಹೆಸರು ಬದಲಾಯಿಸ್ತೀನಿ.

ಮೂರನೇ_ಬೆಲ್:
'ವರ್ಟಿಗೋ' (1958) ಬಗ್ಗೆ ಒಂದು ಮಾತು, ಯಾಕೆಂದರೆ ಬ್ರಿಟಿಷ್ ಸಿನಿಮಾ ಪತ್ರಿಕೆ 'ಸೈಟ್ ಅಂಡ್ ಸೌಂಡ್'ನ 2012ರ ಸಮೀಕ್ಷೆಯಲ್ಲಿ ಮೊದಲ ಸ್ಥಾನ ಬಂದಮೇಲೆ ಎಲ್ಲರೂ ಅದನ್ನೇ ಮೊದಲು ಹಾಕಿ ನಿರಾಶರಾಗುತ್ತಾರೆ. ಅದನ್ನು ಐದನೆಯದೋ ಆರನೆಯದೋ ಮಾಡಿ. ಅದರ ಮೂಲ ಕಾದಂಬರಿ ಬರೆದ ಬ್ವಾಲೊ-ನಾರ್ಸಜಾಕ್ ಜೋಡಿಯದ್ದೇ ಕ್ಲೂಜೊ ಅವರ 'ಲೆ ದಿಯಾಬೊಲಿಕ್' (1955) ಚಿತ್ರದ ಮೂಲ ಕಥೆಯೂ. ಎರಡನ್ನೂ ಒಂದರ ಹಿಂದೊಂದು ನೋಡಿ. ಕ್ಲೂಜೊ ಗುಟ್ಟನ್ನು ಕೊನೆಯವರೆಗೆ ಮುಚ್ಚಿಟ್ಟು, ಸ್ನೇಹಿತರಿಗೆ ಹೇಳಬೇಡಿ ಅಂತ ತೆರೆಯ ಮೇಲೆ ಬರೆದು ಬೇಡಿಕೊಳ್ಳುತ್ತಾರೆ. ಹಿಚ್‌ಕಾಕ್ ವರ್ಟಿಗೋದಲ್ಲಿ ಗುಟ್ಟನ್ನು ನಾಯಕನಿಗಿಂತ ಎಷ್ಟೋ ಮೊದಲೇ ನಮ್ಮ ಕೈಗೆ ಕೊಟ್ಟುಬಿಡುತ್ತಾರೆ, ಕಾದಂಬರಿಯಲ್ಲಿ ಹಾಗಿಲ್ಲ. ಬೆಚ್ಚಿಬೀಳಿಸುವುದು ಒಬ್ಬರ ದಾರಿ, ಒದ್ದಾಡಿಸುವುದು ಇನ್ನೊಬ್ಬರದು. ನನಗೆ ಎರಡನೆಯದೇ ಇಷ್ಟ.

ವರ್ಟಿಗೋ 1996ರಲ್ಲಿ ಪುನರುಜ್ಜೀವನಗೊಂಡಾಗ ಹೆಜ್ಜೆ, ಗುಂಡು, ಬಾಗಿಲುಗಳ ಸದ್ದನ್ನು ಹೊಸದಾಗಿ ಮಾಡಿದರು. ಆಡಿಯೋ ಆಯ್ಕೆಯಲ್ಲಿ ಮೂಲ ಮೋನೋ ಇದ್ದರೆ ಅದನ್ನೇ ಹಾಕಿ.

ಕಡಲತೀರ_ಕುಡ್ಲ:
'ಟಚ್ ಆಫ್ ಈವಿಲ್' (1958) ಹುಡುಕುವವರಿಗೂ ಇದೇ ಎಚ್ಚರಿಕೆ. ಮೂರು ಪ್ರತಿ ಉಂಟು, 95, 108, 111 ನಿಮಿಷದ್ದು. ನಿರ್ದೇಶಕ ಆರ್ಸನ್ ವೆಲ್ಸ್ ಸ್ಟುಡಿಯೋಗೆ ಬರೆದ 58 ಪುಟದ ಟಿಪ್ಪಣಿ ಹಿಡಿದು 1998ರಲ್ಲಿ ವಾಲ್ಟರ್ ಮರ್ಚ್ ಮತ್ತೆ ಸಂಕಲನ ಮಾಡಿದ್ದು 111ರದ್ದು. ಮೊದಲ ಶಾಟ್ ಮೂರು ನಿಮಿಷ ದಾಟ್ತದೆ, ಕಾರಿನ ಡಿಕ್ಕಿಗೆ ಬಾಂಬು ಇಡುವಲ್ಲಿಂದ. 1958ರ ಪ್ರತಿಯಲ್ಲಿ ಅದರ ಮೇಲೆಯೇ ಹೆಸರುಗಳು ಓಡ್ತವೆ, 1998ರದ್ದರಲ್ಲಿ ಇಲ್ಲ.

ಕತ್ತಲೆಕೋಣೆ:
ನಮ್ಮ ಕಡೆಯದ್ದು?

ಗಾಂಧಿಬಜಾರ್_ಗಿರಾಕಿ:
ಹಾಡಿಲ್ಲದ ಸಸ್ಪೆನ್ಸ್ ಬೇಕಂದ್ರೆ ತಮಿಳಿನ 'ಅಂದ ನಾಳ್' (1954), ಹಿಂದಿಯ 'ಕಾನೂನ್' (1960), ಕನ್ನಡದಲ್ಲಿ ಸುನೀಲ್ ಕುಮಾರ್ ದೇಸಾಯಿ ಅವರ 'ತರ್ಕ', ಶಂಕರ್ ನಾಗ್ ಇರೋದು. ಹಾಡು ಇದ್ದರೂ ಪರವಾಗಿಲ್ಲ ಅಂದ್ರೆ ಕಾಶಿನಾಥ್ ಅವರ 'ಅಪರಿಚಿತ' (1978) ಕೂಡ ಸೇರಿಸಿ. ಇವಕ್ಕೆಲ್ಲ ಬೇರೆಯೇ ಚರ್ಚೆ ಬೇಕು, ಇಲ್ಲಿ ತುರುಕಿದರೆ ಅನ್ಯಾಯ.

ಕತ್ತಲೆಕೋಣೆ:
ಸರಿ. ಕೊನೇದೊಂದು. 'ದಿ ಥರ್ಡ್ ಮ್ಯಾನ್' (1949) ಎರಡು ಕಡೆ ಸಿಕ್ತಿದೆ, ಒಂದು 93 ನಿಮಿಷ, ಇನ್ನೊಂದು 104. ಇದೂ 24, 25ರ ಜಗಳವೇ?

ಉಪಶೀರ್ಷಿಕೆ:
ಅಲ್ಲ. 104ರ ಶೇಕಡಾ 4 ಅಂದರೆ ನಾಲ್ಕು ನಿಮಿಷ ಚಿಲ್ಲರೆ, ಇಲ್ಲಿ 11 ಹೋಗಿದೆ. ಅಮೆರಿಕದ ಬಿಡುಗಡೆಗೆ ಕತ್ತರಿಸಿದ್ದು ಅದು. ಆರಂಭದ ದನಿ ಕೇಳಿದರೂ ಗೊತ್ತಾಗುತ್ತೆ: ಬ್ರಿಟಿಷ್ ಪ್ರತಿಯಲ್ಲಿ ನಿರ್ದೇಶಕ ಕ್ಯಾರೊಲ್ ರೀಡ್ ಅವರೇ ಹೆಸರಿಲ್ಲದ ಒಬ್ಬ ಕಾಳಸಂತೆಯವನ ಹಾಗೆ ಮಾತಾಡ್ತಾರೆ, ಅಮೆರಿಕದ್ದರಲ್ಲಿ ನಾಯಕ ಜೋಸೆಫ್ ಕಾಟನ್ ದನಿ. 104ರದ್ದು ಹಾಕಿ.

ಹುಬ್ಬಳ್ಳಿ_ಪ್ರೊಜೆಕ್ಟರ್:
ಅದರಾಗ ಚಿತ್ರ ಸೊಟ್ಟಗ ಕಾಣತೈತಿ ಅಂತ ಟಿವಿ ಸೆಟ್ಟಿಂಗ್ ತಿರುವಬ್ಯಾಡ್ರಿ ಮತ್ತ. ಕ್ಯಾಮೆರಾನ ಓರೆ ಇಟ್ಟು ತಗದಾರ.